ಏಳು ಒಲಿಂಪಿಕ್ ಚಿನ್ನ ಗೆದ್ದವಳಿಗೆ ಕೋಚ್ ಕೆಲಸ ಯಾಕೆ ಸಿಗಲಿಲ್ಲ?

1/12

ಈ ಫೋಟೋ ಒಂದ್ಸಲ ನಿಧಾನವಾಗಿ ನೋಡಿ. 1968ರ ಅಕ್ಟೋಬರ್, ಮೆಕ್ಸಿಕೋ ಸಿಟಿ ಒಲಿಂಪಿಕ್ಸ್. ಪದಕ ಕೊಡೋ ಪೀಠದ ಮೇಲೆ ಮೂವರು ಹುಡುಗಿಯರು. ಸೋವಿಯತ್ ಒಕ್ಕೂಟದ ರಾಷ್ಟ್ರಗೀತೆ ಕೇಳಿಸ್ತಾ ಇದೆ. ಇಬ್ಬರು ನೇರ ಮುಂದೆ ನೋಡ್ತಿದ್ದಾರೆ. ಒಬ್ಬಳು ಮಾತ್ರ ತಲೆ ತಗ್ಗಿಸಿ, ಮುಖ ಬಲಕ್ಕೆ ತಿರುಗಿಸಿ ನಿಂತಿದ್ದಾಳೆ.

ಕೂಗಲಿಲ್ಲ, ಕೈ ಎತ್ತಲಿಲ್ಲ, ಪೀಠ ಬಿಟ್ಟು ಇಳಿಯಲಿಲ್ಲ. ಬರೀ ಮುಖ ತಿರುಗಿಸಿದಳು, ಅಷ್ಟೇ. ಅಷ್ಟಕ್ಕೇ ಅವಳ ಮುಂದಿನ 20 ವರ್ಷದ ಬದುಕು ಬದಲಾಗಿ ಹೋಯ್ತು.

ಅವಳ ಹೆಸರು ವೆರಾ ಚಾಸ್ಲಾವ್ಸ್ಕಾ. ದೇಶ ಚೆಕೊಸ್ಲೊವಾಕಿಯಾ. ಈ ದೇಶ ಈಗ ಮ್ಯಾಪ್‌ನಲ್ಲಿ ಇಲ್ಲ, 1993ರಲ್ಲಿ ಚೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾ ಅಂತ ಎರಡಾಯ್ತು.

ಈ ಫೋಟೋ ಬಗ್ಗೆ ಬಹಳ ಜನ ಬರೆದಿದ್ದಾರೆ. ಆದ್ರೆ ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಫೋಟೋ ತೆಗೆದಮೇಲೆ ಏನಾಯ್ತು ಅನ್ನೋದನ್ನ. ಚಾಂಪಿಯನ್ ಆಗಿದ್ದವಳು ಆಮೇಲೆ ಕೇಳಿದ್ದು ಒಂದೇ ಒಂದು ಕೆಲಸ: ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸೋದು. ಅದನ್ನೇ ಕೊಡಲಿಲ್ಲ. ಯಾಕೆ ಅಂತ ನೋಡೋಣ ಬನ್ನಿ. ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

2/12

ಮೊದಲು ಈ ಆಟದ ಪರಿಚಯ ಸ್ವಲ್ಪ. ಗೊತ್ತಿದ್ದವರು ಮುಂದಿನ ಭಾಗಕ್ಕೆ ಹೋಗಬಹುದು.

ಮಹಿಳೆಯರ ಜಿಮ್ನಾಸ್ಟಿಕ್ಸ್‌ನಲ್ಲಿ ನಾಲ್ಕು ಸಲಕರಣೆ. ಒಂದು ವಾಲ್ಟ್: ಓಡಿ ಬಂದು, ಕೈ ಊರಿ, ಗಾಳಿಯಲ್ಲಿ ಹಾರಿ ಆಚೆ ಇಳಿಯೋದು. 2016ರ ರಿಯೋದಲ್ಲಿ ನಮ್ಮ ದೀಪಾ ಕರ್ಮಾಕರ್ ನಾಲ್ಕನೇ ಸ್ಥಾನ ಪಡೆದಾಗ ಇಡೀ ಭಾರತ ಎದ್ದು ಕೂತು ನೋಡ್ತಲ್ಲ, ಅದೇ. ಎರಡನೇದು ಅನ್‌ಈವನ್ ಬಾರ್ಸ್: ಒಂದು ಎತ್ತರ, ಇನ್ನೊಂದು ತಗ್ಗು, ಎರಡು ಅಡ್ಡ ಕಂಬಿ. ಮೂರನೇದು ಬೀಮ್: 5 ಮೀಟರ್ ಉದ್ದದ ತೊಲೆ, ಅಗಲ ಬರೀ 10 ಸೆಂಟಿಮೀಟರ್. ಅಂದ್ರೆ ನಿಮ್ಮ ಅಂಗೈಗಿಂತ ಸ್ವಲ್ಪ ಜಾಸ್ತಿ. ಅದರ ಮೇಲೇ ಕುಣೀಬೇಕು, ಪಲ್ಟಿ ಹೊಡೀಬೇಕು. ನಾಲ್ಕನೇದು ಫ್ಲೋರ್: ಸಂಗೀತದ ಜೊತೆ ನೆಲದ ಮೇಲೆ ಮಾಡೋದು. ಈ ನಾಲ್ಕರ ಅಂಕ ಕೂಡಿಸಿದ್ರೆ ಆಲ್‌ರೌಂಡ್. ಹೀಗೆ ಒಟ್ಟು ಐದು ವೈಯಕ್ತಿಕ ಚಿನ್ನ, ಜೊತೆಗೆ ತಂಡದ್ದು ಒಂದು.

ವೆರಾ ಈ ಐದೂ ವೈಯಕ್ತಿಕ ಸ್ಪರ್ಧೆಗಳಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದಾಳೆ. ಒಂದೇ ಸಲಕ್ಕಲ್ಲ, 1964 ಮತ್ತು 1968 ಎರಡೂ ಸೇರಿ.

ಇನ್ನೊಂದು ವಿಷಯ ಗೊತ್ತಿರಲಿ. ಇದು ಪುಸ್ತಕ ಓದಿ ಕಲಿಯೋ ವಿದ್ಯೆ ಅಲ್ಲ. ಪಲ್ಟಿ ಹೊಡೆಯೋವಾಗ ಪಕ್ಕದಲ್ಲಿ ನಿಂತ ಕೋಚ್ ಸೊಂಟಕ್ಕೆ ಕೈ ಕೊಟ್ಟು ತಿರುಗಿಸ್ತಾರೆ, ಬೀಳೋವಾಗ ಹಿಡೀತಾರೆ. ಭಯ ಹೋಗೋದು ಆ ಕೈ ಮೇಲಿನ ನಂಬಿಕೆಯಿಂದ. ಮೈಯಿಂದ ಮೈಗೆ ದಾಟೋ ವಿದ್ಯೆ ಇದು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/12

ವೆರಾ ಹುಟ್ಟಿದ್ದು 1942ರ ಮೇ 3ರಂದು, ಪ್ರಾಗ್ ನಗರದಲ್ಲಿ. ಆಗ ಎರಡನೇ ಮಹಾಯುದ್ಧ ನಡೀತಿತ್ತು, ಪ್ರಾಗ್ ಇದ್ದದ್ದು ಹಿಟ್ಲರನ ಸೇನೆಯ ಕೈಯಲ್ಲಿ. ಬಾಲ್ಯದಲ್ಲಿ ಅವಳು ಕಲಿತಿದ್ದು ಬ್ಯಾಲೆ ನೃತ್ಯ ಮತ್ತು ಐಸ್ ಸ್ಕೇಟಿಂಗ್. ಜಿಮ್ನಾಸ್ಟಿಕ್ಸ್‌ಗೆ ಬಂದಿದ್ದು ತಡವಾಗಿಯೇ, ಹದಿಹರೆಯದಲ್ಲಿ. ಈಗಿನ ಲೆಕ್ಕದಲ್ಲಿ ಬಹಳ ತಡ ಆಯ್ತು ಅಂತ ಹೇಳಿ ವಾಪಸ್ ಕಳಿಸ್ತಿದ್ರೇನೋ.

ಅವಳನ್ನ ಈ ಆಟಕ್ಕೆ ಕರ್ಕೊಂಡು ಬಂದವಳು ಏವಾ ಬೊಸಾಕೋವಾ. ಅವಳೂ ಚೆಕ್ ಜಿಮ್ನಾಸ್ಟ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಜಿಮ್ನಾಸ್ಟಿಕ್ಸ್‌ನ ಒಟ್ಟು 16 ಪದಕ ಸ್ಥಾನಗಳನ್ನು ಲೆಕ್ಕ ಹಾಕಿದ್ರೆ (ವೈಯಕ್ತಿಕ 15, ಜೊತೆಗೆ ತಂಡದ ಚಿನ್ನ), ಅದರಲ್ಲಿ 15 ಸೋವಿಯತ್ ಹುಡುಗಿಯರ ಪಾಲಾಯ್ತು. ಉಳಿದ ಆ ಒಂದು ಬೀಮ್ ಚಿನ್ನವನ್ನ ಕಿತ್ಕೊಂಡಿದ್ದು ಇದೇ ಬೊಸಾಕೋವಾ. ಆ ಕಾಲದಲ್ಲಿ ಸೋವಿಯತ್ ತಂಡ ಎಷ್ಟು ಬಲವಾಗಿತ್ತು ಅಂತ ಇದರಲ್ಲೇ ಅರ್ಥ ಆಗುತ್ತೆ.

1958ರಲ್ಲಿ, 16ನೇ ವಯಸ್ಸಿಗೆ, ವೆರಾ ಮಾಸ್ಕೋದಲ್ಲಿ ತನ್ನ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಡಿದಳು, ತಂಡಕ್ಕೆ ಬೆಳ್ಳಿ ಬಂತು. ಮುಂದಿನ ವರ್ಷ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಬೀಮ್‌ನಲ್ಲಿ ಚಿನ್ನ. 1960ರಲ್ಲಿ ರೋಮ್‌ನಲ್ಲಿ ಗುರು ಬೊಸಾಕೋವಾ ಮತ್ತು ಶಿಷ್ಯೆ ವೆರಾ ಒಂದೇ ತಂಡದಲ್ಲಿ ಆಡಿ ಬೆಳ್ಳಿ ಗೆದ್ದರು.

ಚಾಂಪಿಯನ್ ಒಬ್ಬಳು ತನಗೆ ಗೊತ್ತಿರೋದನ್ನ ಇನ್ನೊಬ್ಬಳಿಗೆ ದಾಟಿಸಿದಳು, ಆ ಇನ್ನೊಬ್ಬಳು ಅವಳಿಗಿಂತ ಮೇಲೆ ಹೋದಳು. ಆ ಸರಪಳಿ ಮುಂದುವರೀಬೇಕಿತ್ತು.

4/12

ಈ ಕಥೆಯಲ್ಲಿ ಇನ್ನೊಬ್ಬ ದೊಡ್ಡ ಚಾಂಪಿಯನ್ ಇದ್ದಾರೆ: ಲರೀಸಾ ಲತಿನಿನಾ. 1934ರಲ್ಲಿ ಉಕ್ರೇನ್‌ನ ಖೆರ್ಸೋನ್‌ನಲ್ಲಿ ಹುಟ್ಟಿದವರು, ಆಡಿದ್ದು ಸೋವಿಯತ್ ಒಕ್ಕೂಟಕ್ಕೆ. ಮೂರು ಒಲಿಂಪಿಕ್ಸ್‌ನಲ್ಲಿ 9 ಚಿನ್ನ ಸೇರಿ 18 ಪದಕ. ಈ ದಾಖಲೆ 48 ವರ್ಷ ಹಾಗೇ ಇತ್ತು. 2012ರಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮುರಿಯೋವರೆಗೂ ಯಾರ ಕೈಗೂ ಸಿಗಲಿಲ್ಲ.

1962ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು ವೆರಾಳ ಸ್ವಂತ ಊರು ಪ್ರಾಗ್‌ನಲ್ಲಿ. ವಾಲ್ಟ್‌ನಲ್ಲಿ ವೆರಾಗೆ ಚಿನ್ನ ಬಂತು, ಆದ್ರೆ ಆಲ್‌ರೌಂಡ್‌ನಲ್ಲಿ ಲತಿನಿನಾ ಮುಂದೆ ಎರಡನೇ ಸ್ಥಾನ.

ಎರಡು ವರ್ಷ ಬಿಟ್ಟು 1964ರ ಟೋಕಿಯೋ. ಲತಿನಿನಾ ಅದಾಗಲೇ 1956 ಮತ್ತು 1960ರ ಆಲ್‌ರೌಂಡ್ ಗೆದ್ದು ಮೂರನೇದಕ್ಕೆ ಕಾಯ್ತಿದ್ದರು. ವೆರಾ 77.564, ಲತಿನಿನಾ 76.998. ರಾಣಿ ಬದಲಾದಳು. ಅದರ ಜೊತೆ ವಾಲ್ಟ್ ಮತ್ತು ಬೀಮ್‌ನಲ್ಲೂ ವೆರಾಗೇ ಚಿನ್ನ. ಜಪಾನ್ ಜನ ಅವಳನ್ನ ಎಷ್ಟು ಹಚ್ಚಿಕೊಂಡರು ಅಂದ್ರೆ ಆ ನಂಟು ಅವಳ ಬದುಕಿನ ಕೊನೇವರೆಗೂ ಉಳೀತು. ಅದು ಕೊನೇ ಭಾಗಗಳಲ್ಲಿ ಬರುತ್ತೆ.

ಆಮೇಲಿನ ಮೂರು ವರ್ಷ ಅವಳದ್ದೇ. 1965ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಐದಕ್ಕೆ ಐದೂ ಚಿನ್ನ. 1967ರಲ್ಲಿ ಮತ್ತೆ ಐದಕ್ಕೆ ಐದು. ನಡುವೆ 1966ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚೆಕೊಸ್ಲೊವಾಕಿಯಾದ ಹುಡುಗಿಯರು ಕೂದಲೆಳೆ ಅಂತರದಲ್ಲಿ ಸೋವಿಯತ್ ತಂಡವನ್ನೇ ಸೋಲಿಸಿಬಿಟ್ಟರು. ಪುಟ್ಟ ದೇಶವೊಂದು ದೈತ್ಯನನ್ನ ಬೀಳಿಸಿದ ಹಾಗೆ.

ಅದೇ 1966ರಲ್ಲಿ ಲತಿನಿನಾ ಆಟ ನಿಲ್ಲಿಸಿದರು. ಬೇಗನೇ ಸೋವಿಯತ್ ತಂಡದ ಕೋಚ್ ಆದರು. ಇದನ್ನೂ ನೆನಪಿಟ್ಕೊಳ್ಳಿ.

5/12

ಈಗ ಜಿಮ್ ಹಾಲ್‌ನಿಂದ ಹೊರಗೆ ಬರೋಣ. ಇತಿಹಾಸ ಪೀರಿಯಡ್.

ಎರಡನೇ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂತು, ದೇಶ ಮಾಸ್ಕೋದ ನೆರಳಿಗೆ ಸೇರ್ತು. ಪತ್ರಿಕೆಗೆ ಸೆನ್ಸಾರ್, ಹೊರದೇಶಕ್ಕೆ ಹೋಗೋಕೆ ಅನುಮತಿ, ಪಕ್ಷದ ವಿರುದ್ಧ ಮಾತಾಡಿದ್ರೆ ಕೆಲಸಕ್ಕೆ ಕುತ್ತು.

1968ರ ಜನವರಿಯಲ್ಲಿ ಅಲೆಕ್ಸಾಂಡರ್ ದುಬ್ಚೆಕ್ ಅನ್ನೋರು ಪಕ್ಷದ ಮುಖ್ಯಸ್ಥರಾದರು. ಅವರೂ ಕಮ್ಯುನಿಸ್ಟರೇ. ಆದ್ರೆ ಸಮಾಜವಾದಕ್ಕೆ ಮನುಷ್ಯತ್ವ ಇರಬೇಕು ಅಂದರು. ಸೆನ್ಸಾರ್ ಸಡಿಲ ಆಯ್ತು, ಪತ್ರಿಕೆಗಳು ಬಾಯಿ ಬಿಟ್ಟವು, ಜನ ಬೀದಿಯಲ್ಲಿ ನಿಂತು ರಾಜಕೀಯ ಚರ್ಚೆ ಮಾಡೋಕೆ ಶುರು ಮಾಡಿದರು. ಈ ಕೆಲವು ತಿಂಗಳಿಗೆ ಇತಿಹಾಸದಲ್ಲಿ ‘ಪ್ರಾಗ್ ವಸಂತ’ ಅಂತ ಹೆಸರು.

ಜೂನ್ 27ಕ್ಕೆ ಪತ್ರಿಕೆಗಳಲ್ಲಿ ಒಂದು ಪ್ರಣಾಳಿಕೆ ಬಂತು, ಹೆಸರು ‘ಎರಡು ಸಾವಿರ ಪದಗಳು’. ಬರೆದವರು ಲೇಖಕ ಲುದ್ವಿಕ್ ವಾತ್ಸುಲಿಕ್. ಸುಧಾರಣೆ ನಿಲ್ಲಬಾರದು, ಜನರೇ ಮುಂದೆ ಬರಬೇಕು ಅನ್ನೋದು ಅದರ ಸಾರ. ಬರಹಗಾರರು, ವಿಜ್ಞಾನಿಗಳು, ಕಾರ್ಮಿಕರು, ಆಟಗಾರರು ಎಲ್ಲರೂ ಅದಕ್ಕೆ ಸಹಿ ಹಾಕಿದರು. ಓಟದ ದಂತಕಥೆ ಎಮಿಲ್ ಜಾಟೊಪೆಕ್ ಹಾಕಿದರು. 26 ವರ್ಷದ ವೆರಾನೂ ಹಾಕಿದಳು.

ಒಂದೇ ಒಂದು ಸಹಿ. ಆವತ್ತು ಅದರಲ್ಲಿ ಅಪಾಯ ಇದೆ ಅಂತ ಬಹಳ ಜನಕ್ಕೆ ಅನ್ನಿಸಿರಲಿಲ್ಲ. ಗಾಳಿ ಹಾಗಿತ್ತು.

6/12

ಗಾಳಿ ಎರಡೇ ತಿಂಗಳಲ್ಲಿ ತಿರುಗಿತು.

1968ರ ಆಗಸ್ಟ್ 20ರ ರಾತ್ರಿ ಕಳೆದು 21 ಬೆಳಗಾಗೋಷ್ಟರಲ್ಲಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳ ಟ್ಯಾಂಕ್‌ಗಳು ಗಡಿ ದಾಟಿ ಒಳಗೆ ಬಂದಿದ್ದವು. ಲಕ್ಷಗಟ್ಟಲೆ ಸೈನಿಕರು. ಪ್ರಾಗ್‌ನ ಬೀದಿಗಳಲ್ಲಿ ಜನ ಬರಿಗೈಲಿ ಟ್ಯಾಂಕ್ ಎದುರು ನಿಂತರು. ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ದುಬ್ಚೆಕ್‌ರನ್ನ ಹಿಡಿದು ಮಾಸ್ಕೋಗೆ ಒಯ್ದರು.

ವೆರಾ ಆಗ ಮೊರಾವಿಯಾ ಪ್ರಾಂತ್ಯದಲ್ಲಿ ತರಬೇತಿಯಲ್ಲಿದ್ದಳು. ಪ್ರಣಾಳಿಕೆಗೆ ಸಹಿ ಹಾಕಿದವರನ್ನ ಬಂಧಿಸಬಹುದು ಅನ್ನೋ ಭಯದಿಂದ ಅವಳನ್ನ ಶುಂಪೆರ್ಕ್ ಹತ್ತಿರದ ಬೆಟ್ಟಗಾಡಿಗೆ ಕಳಿಸಿ ಬಚ್ಚಿಟ್ಟರು. ಒಲಿಂಪಿಕ್ಸ್‌ಗೆ ಎರಡು ತಿಂಗಳೂ ಇರಲಿಲ್ಲ. ಜಿಮ್ ಇಲ್ಲ, ಬಾರ್ಸ್ ಇಲ್ಲ, ಬೀಮ್ ಇಲ್ಲ.

ಅವಳು ಏನು ಮಾಡಿದಳು ಗೊತ್ತಾ? ಮರದ ಕೊಂಬೆ ಹಿಡಿದು ತೂಗಾಡಿದಳು, ಅದೇ ಬಾರ್ಸ್. ಉರುಳಿಬಿದ್ದ ಮರದ ದಿಮ್ಮಿಯೇ ಬೀಮ್. ಹುಲ್ಲುಗಾವಲೇ ಫ್ಲೋರ್. ತೋಳಿನ ಬಲ ಹೋಗಬಾರದು ಅಂತ ಮೂಟೆ ಹೊತ್ತಳು. ಅಂಗೈ ಮೃದುವಾಗಬಾರದು ಅಂತ ಸಲಿಕೆ ಹಿಡಿದು ಕಲ್ಲಿದ್ದಲು ಎತ್ತಿಹಾಕಿದಳು. ಬಾರ್ಸ್ ಆಡೋರ ಕೈಯಲ್ಲಿ ಗಟ್ಟಿ ಚರ್ಮ ಇಲ್ಲದಿದ್ರೆ ಮೊದಲ ದಿನವೇ ಹರಿದುಹೋಗುತ್ತೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ವಾರಗಳ ನಂತರ, ಕೊನೇ ಗಳಿಗೆಯಲ್ಲಿ, ಮೆಕ್ಸಿಕೋಗೆ ಹೋಗೋಕೆ ಅವಳಿಗೆ ಅನುಮತಿ ಸಿಕ್ತು.

7/12

ಮೆಕ್ಸಿಕೋ ಸಿಟಿ, ಅಕ್ಟೋಬರ್ 1968. ಸ್ಪರ್ಧೆ ನಡೆದ ಸಭಾಂಗಣದಲ್ಲಿ ಜನ ಮೊದಲ ದಿನದಿಂದಲೇ ಅವಳ ಪಕ್ಷ. ಅವಳ ದೇಶಕ್ಕೆ ಏನಾಗಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಬೀಮ್‌ನಲ್ಲಿ ಅವಳಿಗೆ ಕಡಿಮೆ ಅಂಕ ಕೊಟ್ಟಾಗ ಪ್ರೇಕ್ಷಕರು ಎಷ್ಟು ಗಲಾಟೆ ಎಬ್ಬಿಸಿದರು ಅಂದ್ರೆ ತೀರ್ಪುಗಾರರು ಅಂಕ ಏರಿಸಬೇಕಾಯ್ತು.

ಫ್ಲೋರ್‌ಗೆ ಅವಳು ಆರಿಸಿಕೊಂಡ ಸಂಗೀತ ಮೆಕ್ಸಿಕೋದ್ದೇ ಜನಪದ ಕುಣಿತ ‘ಹರಾಬೆ ತಪತಿಯೋ’. ಯೋಚನೆ ಮಾಡಿ, ನಮ್ಮೂರಿಗೆ ಬಂದ ಪರದೇಶದ ಆಟಗಾರ್ತಿ ನಮ್ಮ ಡೊಳ್ಳಿನ ತಾಳಕ್ಕೆ ಫ್ಲೋರ್ ಮಾಡಿದ್ರೆ ನಾವು ಸುಮ್ನೆ ಕೂರ್ತೀವಾ? ಅಲ್ಲೂ ಹಾಗೇ ಆಯ್ತು.

ಆಲ್‌ರೌಂಡ್‌ನಲ್ಲಿ ವೆರಾ 78.25, ಎರಡನೇ ಸ್ಥಾನದ ಸೋವಿಯತ್ ಹುಡುಗಿ ಜಿನೈದಾ ವೊರೋನಿನಾ 76.85. ಇದರ ಜೊತೆ ವಾಲ್ಟ್, ಬಾರ್ಸ್, ಫ್ಲೋರ್ ಸೇರಿ ಒಟ್ಟು ನಾಲ್ಕು ಚಿನ್ನ. ಬೀಮ್‌ನಲ್ಲಿ ಬೆಳ್ಳಿ. ತಂಡಕ್ಕೂ ಬೆಳ್ಳಿ, ಸೋವಿಯತ್ ತಂಡ ಬರೀ 0.65 ಅಂಕದಿಂದ ಮುಂದೆ.

ಬೀಮ್‌ನ ಚಿನ್ನ ನತಾಲಿಯಾ ಕುಚಿನ್ಸ್ಕಾಯಾಗೆ ಹೋಯ್ತು. ಫ್ಲೋರ್‌ನಲ್ಲಿ ವೆರಾ ಒಬ್ಬಳೇ ಗೆಲ್ಲಬೇಕಿತ್ತು, ಆದ್ರೆ ಲರೀಸಾ ಪೆಟ್ರಿಕ್‌ಳ ಹಿಂದಿನ ಸುತ್ತಿನ ಅಂಕವನ್ನ ಆಮೇಲೆ ಏರಿಸಿ ಇಬ್ಬರಿಗೂ ಚಿನ್ನ ಹಂಚಿದರು. ಎರಡೂ ಸಲ ಸೋವಿಯತ್ ರಾಷ್ಟ್ರಗೀತೆ ಮೊಳಗಿತು. ಎರಡೂ ಸಲ ವೆರಾ ಮುಖ ತಿರುಗಿಸಿ ತಲೆ ತಗ್ಗಿಸಿದಳು.

ಒಂದು ಮಾತು ಇಲ್ಲಿ ಹೇಳಲೇಬೇಕು. ಕುಚಿನ್ಸ್ಕಾಯಾ, ಪೆಟ್ರಿಕ್ ಇಬ್ಬರೂ 19 ವರ್ಷದ ಹುಡುಗಿಯರು. ಟ್ಯಾಂಕ್ ಕಳಿಸಿದ್ದು ಅವರಲ್ಲ. ಅವರೂ ಚೆನ್ನಾಗಿಯೇ ಆಡಿದ್ದರು. ವೆರಾ ಮುಖ ತಿರುಗಿಸಿದ್ದು ಅವರಿಂದಲ್ಲ, ಆ ಗೀತೆಯಿಂದ, ಆ ಬಾವುಟದಿಂದ.

ಸೋವಿಯತ್ ತಂಡದ ಕೋಚ್ ಆಗಿ ಆ ಒಲಿಂಪಿಕ್ಸ್‌ಗೆ ಬಂದಿದ್ದವರು ಯಾರು? ಲರೀಸಾ ಲತಿನಿನಾ. ಒಬ್ಬರು ಕೋಚ್, ಒಬ್ಬರು ಚಾಂಪಿಯನ್. ನಾಲ್ಕು ವರ್ಷದ ಹಿಂದೆ ಎದುರಾಳಿಗಳಾಗಿದ್ದವರು. ಇಲ್ಲಿಂದ ಇಬ್ಬರ ದಾರಿ ಹೇಗೆ ಬೇರೆಯಾಯ್ತು ನೋಡಿ.

8/12

ಸ್ಪರ್ಧೆ ಮುಗಿದ ಮರುದಿನವೇ ವೆರಾ ಮೆಕ್ಸಿಕೋ ಸಿಟಿಯಲ್ಲಿ ಮದುವೆಯಾದಳು. ವರ ಯೋಸೆಫ್ ಓಡ್ಲೋಜಿಲ್, ಟೋಕಿಯೋದಲ್ಲಿ 1500 ಮೀಟರ್ ಓಟದ ಬೆಳ್ಳಿ ಗೆದ್ದವನು. ಚರ್ಚ್ ಹೊರಗೆ ಸಾವಿರಾರು ಜನ ನೂಕುನುಗ್ಗಲು. ಆ ದಿನ ಜಗತ್ತಿನ ಅತ್ಯಂತ ಸಂತೋಷದ ಹುಡುಗಿ ಅವಳೇ ಅನ್ನೋ ಹಾಗೆ ಪತ್ರಿಕೆಗಳು ಬರೆದವು.

ಊರಿಗೆ ವಾಪಸ್ ಬಂದಳು. ತನ್ನ ನಾಲ್ಕು ಚಿನ್ನದ ಪದಕಗಳನ್ನ ದುಬ್ಚೆಕ್ ಮತ್ತು ಅವರ ಜೊತೆಗಿದ್ದ ನಾಯಕರಿಗೆ ಉಡುಗೊರೆಯಾಗಿ ಕೊಟ್ಟಳು. ಆಮೇಲೆ ಆಟದಿಂದ ನಿವೃತ್ತಿ.

1969ರ ಏಪ್ರಿಲ್‌ನಲ್ಲಿ ದುಬ್ಚೆಕ್‌ರನ್ನ ಇಳಿಸಿ ಗುಸ್ತಾವ್ ಹುಸಾಕ್ ಅವರನ್ನ ಕೂರಿಸಿದರು. ಆ ಕಾಲಕ್ಕೆ ಸರ್ಕಾರ ಇಟ್ಟ ಹೆಸರು ‘ಸಹಜಗೊಳಿಸುವಿಕೆ’. ಹೆಸರು ಕೇಳೋಕೆ ತಣ್ಣಗಿದೆ. ಅರ್ಥ ಇಷ್ಟೇ: 1968ರಲ್ಲಿ ಯಾರು ಏನು ಹೇಳಿದ್ದರೋ ಅದನ್ನ ವಾಪಸ್ ತಗೋಬೇಕು. ತಗೊಂಡ್ರೆ ಕೆಲಸ ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ. ಪ್ರೊಫೆಸರ್‌ಗಳು ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋ ಕೆಲಸಕ್ಕೆ ಹೋದರು. ಪತ್ರಕರ್ತರು ಕಿಟಕಿ ಒರೆಸಿದರು. ನಾಲ್ಕು ಒಲಿಂಪಿಕ್ ಚಿನ್ನದ ಜಾಟೊಪೆಕ್‌ರನ್ನ ಸೇನೆಯಿಂದ ಹೊರಗೆ ಹಾಕಿ ಕೂಲಿ ಕೆಲಸಕ್ಕೆ ತಳ್ಳಿದರು. ಕೊನೆಗೆ ಅವರು ಬಗ್ಗಬೇಕಾಯ್ತು.

ವೆರಾಳನ್ನೂ ಕೇಳಿದರು: ಸಹಿ ವಾಪಸ್ ತಗೋ.

ಅವಳು ತಗೊಳ್ಳಲಿಲ್ಲ. ಆವತ್ತೂ ಇಲ್ಲ, ಮುಂದೆ ಕೇಳಿದಾಗಲೂ ಇಲ್ಲ.

9/12

ಇಲ್ಲಿಂದ ‘ಅವಳು’ ಬಿಟ್ಟು ‘ಅವರು’ ಅಂತ ಬರೀತೀನಿ. ಈಗ ಅವರು ಕೇಳ್ತಿರೋದು ಟೀಚರ್ ಕೆಲಸ, ಟೀಚರ್‌ನ ನಾವು ಏಕವಚನದಲ್ಲಿ ಕರೆಯಲ್ಲ.

ವೆರಾ ಆಟ ಬಿಟ್ಟಾಗ ವಯಸ್ಸು 26. ಕೋಚ್ ಆಗೋಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಮೈಯಲ್ಲಿ ಇನ್ನೂ ಎಲ್ಲ ನೆನಪಿದೆ, ಮಕ್ಕಳ ಮುಂದೆ ತಾನೇ ಮಾಡಿ ತೋರಿಸಬಹುದು. ಅದೇ ವರ್ಷಗಳಲ್ಲಿ ಅವರನ್ನ ಕ್ರೀಡಾ ಸಂಘಟನೆಯಿಂದ ಹೊರಗೆ ಹಾಕಿದರು. ಸ್ಪರ್ಧೆಗಳಿಗೆ ಕಾಲಿಡೋ ಹಾಗಿಲ್ಲ, ಹೊರದೇಶಕ್ಕೆ ಹೋಗೋ ಹಾಗಿಲ್ಲ. ಕೋಚ್ ಕೆಲಸಕ್ಕೆ ಅರ್ಜಿ ಹಾಕಿದ್ರೆ ಮತ್ತೆ ಮತ್ತೆ ಇಲ್ಲ ಅನ್ನೋ ಉತ್ತರ. ಏಳು ಒಲಿಂಪಿಕ್ ಚಿನ್ನದ ಒಡತಿ ಬೇರೆಯವರ ಮನೆ ಗುಡಿಸಿ ಒರೆಸೋ ಕೆಲಸ ಮಾಡಿ ದಿನ ದೂಡಿದರು.

ಅಲ್ಲ, ಒಬ್ಬರು ಮಕ್ಕಳಿಗೆ ಪಲ್ಟಿ ಹೊಡೆಯೋದು ಕಲಿಸಿದ್ರೆ ಸರ್ಕಾರಕ್ಕೆ ಏನು ನಷ್ಟ? ನಾನು ಇದನ್ನ ಓದೋವಾಗ ಮತ್ತೆ ಮತ್ತೆ ಕೇಳ್ಕೊಂಡ ಪ್ರಶ್ನೆ ಇದು.

ನನಗೆ ಹೊಳೆದ ಉತ್ತರ ಹೇಳ್ತೀನಿ. ಚಾಂಪಿಯನ್‌ಗೆ ಕೊಟ್ಟ ಪದಕ ಕಪಾಟಿನಲ್ಲಿ ಇರುತ್ತೆ, ಅದರಿಂದ ಯಾರಿಗೂ ಭಯ ಇಲ್ಲ. ಆದ್ರೆ ಕೋಚ್ ಮುಂದೆ ದಿನಾ ಹತ್ತಿಪ್ಪತ್ತು ಮಕ್ಕಳು ನಿಂತಿರ್ತಾರೆ. ಅವರು ಕೋಚ್ ಹೇಳಿಕೊಟ್ಟ ಪಲ್ಟಿ ಒಂದನ್ನೇ ಕಲಿಯಲ್ಲ, ಕೋಚ್ ಹೇಗೆ ಬದುಕ್ತಾರೆ ಅನ್ನೋದನ್ನೂ ನೋಡ್ತಾರೆ. ಸಹಿ ವಾಪಸ್ ತಗೊಳ್ಳದ ಒಬ್ಬ ಹೆಂಗಸು ಪ್ರತಿದಿನ ಹಾಲ್‌ಗೆ ಬಂದು ನಗುತ್ತಾ ಪಾಠ ಮಾಡಿದ್ರೆ, ಆ ಮಕ್ಕಳು ಏನು ಕಲಿತಾರೆ? ಸರ್ಕಾರ ಹೆದರಿದ್ದು ಅದಕ್ಕೆ ಅಂತ ನನಗನ್ನಿಸುತ್ತೆ.

ಅಪ್ಪ ಅಮ್ಮನಿಗಿಂತ ಪಿಟಿ ಸರ್ ಮಾತು ಜಾಸ್ತಿ ಕೇಳಿದ ಕಾಲ ನಮಗೆಲ್ಲ ಇರುತ್ತಲ್ಲ? ಯೋಚನೆ ಮಾಡಿ ನೋಡಿ.

10/12

ಈಗ ಎರಡೂ ದಾರಿಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ.

ಲತಿನಿನಾ 1977ರವರೆಗೆ ಸೋವಿಯತ್ ತಂಡದ ಕೋಚ್. ಆ ಅವಧಿಯಲ್ಲಿ 1968, 1972, 1976, ಮೂರೂ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ ಚಿನ್ನ. 1972ರ ಮ್ಯೂನಿಕ್‌ನಲ್ಲಿ ಜಗತ್ತನ್ನೇ ಮರುಳು ಮಾಡಿದ ಪುಟಾಣಿ ಓಲ್ಗಾ ಕೋರ್ಬುಟ್ ಆಡಿದ್ದು ಇದೇ ತಂಡದಲ್ಲಿ.

ಹಾಗಂತ ಅವರಿಗೆ ಎಲ್ಲ ಸುಖವಾಗಿತ್ತು ಅಂತಲ್ಲ. 1976ರ ಮಾಂಟ್ರಿಯಲ್‌ನಲ್ಲಿ ರೊಮೇನಿಯಾದ 14 ವರ್ಷದ ನಾದಿಯಾ ಕೊಮನೆಚಿ 10ಕ್ಕೆ 10 ತಗೊಂಡಾಗ, ಆಲ್‌ರೌಂಡ್ ಚಿನ್ನ ಕೈತಪ್ಪಿದ ಸಿಟ್ಟು ಲತಿನಿನಾ ಮೇಲೆ ಬಿತ್ತು. ಸೊಬಗು, ಲಾಲಿತ್ಯ ಅಂತ ಹಳೇ ಕಾಲದಲ್ಲೇ ಇದ್ದಾರೆ, ಈಗ ಬೇಕಿರೋದು ಕಷ್ಟದ ಪಲ್ಟಿಗಳು ಅಂತ ಮೇಲಿನವರು ದೂರಿದರು. ತಂಡ ಚಿನ್ನ ಗೆದ್ದಿದ್ರೂ ಮಾರನೇ ವರ್ಷ ಅವರು ಆ ಕೆಲಸ ಬಿಟ್ಟರು. ಅಂದ್ರೆ ವ್ಯವಸ್ಥೆಯ ಜೊತೆ ಇದ್ದವರಿಗೂ ಅದು ಪೂರ್ತಿ ಕರುಣೆ ತೋರಿಸಲಿಲ್ಲ. ಆದ್ರೂ ಅವರಿಗೆ ಹತ್ತು ವರ್ಷ ಸಿಕ್ತು. ತಮಗೆ ಗೊತ್ತಿದ್ದನ್ನ ದಾಟಿಸೋಕೆ ಸಿಕ್ಕ ಹತ್ತು ವರ್ಷ.

ಈ ಕಡೆ ಚೆಕೊಸ್ಲೊವಾಕಿಯಾ. 1960, 1964, 1968, ಮೂರೂ ಸಲ ಒಲಿಂಪಿಕ್ ತಂಡ ಬೆಳ್ಳಿ ಗೆದ್ದಿದ್ದ ದೇಶ. 1972ರಲ್ಲಿ ಐದನೇ ಸ್ಥಾನ. 1976ರಲ್ಲೂ ಐದನೇ ಸ್ಥಾನ. ದೇಶ ಇದ್ದಷ್ಟು ದಿನ ಮಹಿಳಾ ಜಿಮ್ನಾಸ್ಟಿಕ್ಸ್ ತಂಡಕ್ಕೆ ಮತ್ತೆ ಒಲಿಂಪಿಕ್ ಪದಕ ಬರಲೇ ಇಲ್ಲ.

ಇದಕ್ಕೆ ವೆರಾ ಇಲ್ಲದಿದ್ದದ್ದೊಂದೇ ಕಾರಣ ಅಂತ ಹೇಳೋದು ತಪ್ಪಾಗುತ್ತೆ. ರೊಮೇನಿಯಾ ಎದ್ದು ಬಂತು, ಪೂರ್ವ ಜರ್ಮನಿ ಬಂತು, ಆಟವೇ ಬದಲಾಯ್ತು. ಆದ್ರೆ ಬೊಸಾಕೋವಾಳಿಂದ ವೆರಾಗೆ ಬಂದ ಸರಪಳಿ ಅಲ್ಲೇ ತುಂಡಾಯ್ತು ಅನ್ನೋದಂತೂ ಸುಳ್ಳಲ್ಲ. ಒಬ್ಬರಿಗೆ ಶಿಕ್ಷೆ ಕೊಡೋಕೆ ಹೋಗಿ, ಆಗಿನ್ನೂ ಹುಟ್ಟದಿದ್ದ ಹುಡುಗಿಯರಿಗೂ ಶಿಕ್ಷೆ ಕೊಟ್ಟ ಹಾಗಾಯ್ತು.

11/12

ಕೊನೆಗೂ ಬಾಗಿಲು ತೆರೆದಿದ್ದು ಎಲ್ಲಿ ಗೊತ್ತಾ? ಮೆಕ್ಸಿಕೋದಲ್ಲಿ.

1968ರಲ್ಲಿ ತಮ್ಮ ಕುಣಿತದ ತಾಳಕ್ಕೆ ಫ್ಲೋರ್ ಮಾಡಿದ ಹುಡುಗಿಯನ್ನ ಅಲ್ಲಿನ ಜನ ಮರೆತಿರಲಿಲ್ಲ. ನಮ್ಮ ಮಕ್ಕಳಿಗೆ ಕೋಚ್ ಆಗಿ ಕಳಿಸಿ ಅಂತ ಮೆಕ್ಸಿಕೋ ಕೇಳ್ತು. ಪ್ರಾಗ್ ಸುಲಭಕ್ಕೆ ಒಪ್ಪಲಿಲ್ಲ. ಕಳಿಸದಿದ್ರೆ ನಿಮಗೆ ತೈಲ ಕೊಡಲ್ಲ ಅಂತ ಮೆಕ್ಸಿಕೋ ಹೇಳಿದ ಮೇಲಷ್ಟೇ ಒಪ್ಪಿದರು ಅನ್ನೋದು ಪತ್ರಿಕೆಗಳಲ್ಲಿ ಬಂದ ಸುದ್ದಿ. ಅಂತೂ 1979ರಿಂದ 1981ರವರೆಗೆ ವೆರಾ ಮೆಕ್ಸಿಕೋದಲ್ಲಿ ಕೋಚ್ ಆಗಿ ಕೆಲಸ ಮಾಡಿದರು. ಆಗ ವಯಸ್ಸು 37 ದಾಟ್ತಾ ಇತ್ತು. ಕೊನೇ ಒಲಿಂಪಿಕ್ಸ್ ಆಡಿ ಹನ್ನೊಂದು ವರ್ಷ ಕಳೆದಿತ್ತು.

1980ರ ದಶಕದಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರು ಮಧ್ಯೆ ಪ್ರವೇಶಿಸಿದ ಮೇಲೆ, ಸ್ವಂತ ದೇಶದಲ್ಲೂ ಕೋಚ್ ಆಗಿ, ತೀರ್ಪುಗಾರ್ತಿಯಾಗಿ ಕೆಲಸ ಮಾಡೋ ಅವಕಾಶ ಸಿಕ್ತು. ತಮ್ಮೂರಿನ ಹಾಲ್‌ಗೆ ತಲೆ ಎತ್ತಿ ಹೋಗೋಕೆ ಅಷ್ಟು ವರ್ಷ ಬೇಕಾಯ್ತು.

1989ರ ನವೆಂಬರ್. ಪ್ರಾಗ್ ಬೀದಿಗಳು ಮತ್ತೆ ತುಂಬಿದವು, ಈ ಸಲ ಟ್ಯಾಂಕ್ ಬರಲಿಲ್ಲ. ರಕ್ತ ಹರಿಯದೆ ಸರ್ಕಾರ ಬಿತ್ತು. ಅದಕ್ಕೇ ಅದನ್ನ ವೆಲ್ವೆಟ್ ಕ್ರಾಂತಿ ಅಂತಾರೆ, ಮಖಮಲ್ಲಿನಷ್ಟು ಮೃದು ಅಂತ. ಜೈಲು ಕಂಡಿದ್ದ ನಾಟಕಕಾರ ವಾತ್ಸ್ಲಾವ್ ಹವೆಲ್ ರಾಷ್ಟ್ರಾಧ್ಯಕ್ಷರಾದರು. ವೆರಾ ಅವರ ಸಲಹೆಗಾರರಾದರು. 1990ರಲ್ಲಿ ಚೆಕೊಸ್ಲೊವಾಕಿಯಾದ ಒಲಿಂಪಿಕ್ ಸಮಿತಿಗೆ ಅಧ್ಯಕ್ಷರು. 1995ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸದಸ್ಯರು. ಹಾಲ್ ಒಳಗೆ ಬಿಡದಿದ್ದವರು ಈಗ ಎದ್ದು ನಿಂತು ಕುರ್ಚಿ ಕೊಡಬೇಕಾಯ್ತು.

12/12

ಸಿನಿಮಾ ಆಗಿದ್ರೆ ಇಲ್ಲಿಗೆ ಮುಗೀತಿತ್ತು. ಬದುಕು ಹಾಗಲ್ಲ.

1993ರಲ್ಲಿ ಅವರ ಕುಟುಂಬದಲ್ಲಿ ದೊಡ್ಡ ದುರಂತ ನಡೀತು. ಅಷ್ಟೊತ್ತಿಗೆ ವಿಚ್ಛೇದನ ಆಗಿದ್ದ ಪತಿ ಓಡ್ಲೋಜಿಲ್ ತೀರಿಕೊಂಡರು. ಆ ನೋವಿನ ವಿವರ ಆ ಮನೆಯವರದ್ದು, ಇಲ್ಲಿ ಎಳೆಯೋದು ಬೇಡ. ವೆರಾ ಖಿನ್ನತೆಗೆ ಜಾರಿದರು, ಚಿಕಿತ್ಸೆ ತಗೊಂಡರು, ಹಲವು ವರ್ಷ ಯಾರಿಗೂ ಕಾಣಿಸಿಕೊಳ್ಳಲಿಲ್ಲ. ಟ್ಯಾಂಕ್‌ಗೆ ಹೆದರದವರೂ ಕುಸೀತಾರೆ. ಅದರಲ್ಲಿ ನಾಚಿಕೆ ಪಡೋದು ಏನಿಲ್ಲ. ಈ ಸಾಲು ಯಾರಿಗೆ ಬೇಕೋ ಅವರಿಗೆ.

ಆಮೇಲೆ ನಿಧಾನವಾಗಿ ಎದ್ದು ಬಂದರು. 2011ರಲ್ಲಿ ಜಪಾನ್‌ಗೆ ಸುನಾಮಿ ಬಡಿದಾಗ, ತಮ್ಮನ್ನ 1964ರಿಂದ ಪ್ರೀತಿಸಿದ ದೇಶಕ್ಕೆ ಸಹಾಯಕ್ಕೆ ನಿಂತರು. ಸುನಾಮಿಯಿಂದ ತತ್ತರಿಸಿದ ಇವಾಟೆ ಪ್ರಾಂತ್ಯದ ಮಕ್ಕಳನ್ನ ತಮ್ಮ ದೇಶಕ್ಕೆ ಕರೆಸಿಕೊಂಡು ಆದರಿಸಿದರು. ಎಪ್ಪತ್ತರ ಹತ್ತಿರದಲ್ಲೂ ಅವರು ಬಯಸಿದ್ದು ಸುತ್ತ ಮಕ್ಕಳು ಇರೋದನ್ನೇ.

2016ರ ಆಗಸ್ಟ್ 30ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 74 ವರ್ಷ. ಒಲಿಂಪಿಕ್ಸ್‌ನಲ್ಲಿ 7 ಚಿನ್ನ, 4 ಬೆಳ್ಳಿ. ಏಳು ಚಿನ್ನವೂ ವೈಯಕ್ತಿಕ.

ಮುಗಿಸೋ ಮುಂಚೆ ಒಂದು ಮಾತು. ಚಾಂಪಿಯನ್ ಆಗಬೇಕು ಅಂತ ನಾವೆಲ್ಲ ಕನಸು ಕಾಣ್ತೀವಿ. ಆದ್ರೆ ವೆರಾ ಅವರಿಂದ ಕಿತ್ಕೊಂಡಿದ್ದು ಚಾಂಪಿಯನ್ ಪಟ್ಟ ಅಲ್ಲ, ಅದನ್ನ ಯಾರೂ ಮುಟ್ಟೋಕಾಗಲಿಲ್ಲ. ಕಿತ್ಕೊಂಡಿದ್ದು ಕಲಿಸೋ ಹಕ್ಕನ್ನ. ಅದು ಎಷ್ಟು ದೊಡ್ಡದು ಅಂತ ಸರ್ಕಾರಕ್ಕೆ ಗೊತ್ತಿತ್ತು. ನಮಗೆ ಗೊತ್ತಿದೆಯಾ?

ನಿಮಗೆ ಓಡೋದು, ಈಜೋದು, ಕಬಡ್ಡಿ, ಚೆಸ್, ಏನೋ ಒಂದು ಕಲಿಸಿದ ಸರ್ ಅಥವಾ ಮೇಡಮ್ ಇದ್ರೆ, ಇವತ್ತು ಒಂದು ಫೋನ್ ಮಾಡಿ. ಮಾತಾಡಿ ಬಂದು ಅವರು ಏನು ಕಲಿಸಿದ್ರು ಅಂತ ಕಾಮೆಂಟ್‌ನಲ್ಲಿ ಒಂದು ಸಾಲು ಹಾಕಿ. ಎಲ್ಲ ಓದ್ತೀನಿ.

ಮುಂದಿನ ಸರಣಿಯಲ್ಲಿ ಇಲ್ಲಿ ಅರ್ಧಕ್ಕೇ ಬಿಟ್ಟ ಎಮಿಲ್ ಜಾಟೊಪೆಕ್ ಕಥೆ. ಅವರು ಯಾಕೆ ಬಗ್ಗಿದರು, ಅದನ್ನ ನಾವು ತಪ್ಪು ಅನ್ನಬಹುದಾ ಅಂತ ಮಾತಾಡೋಣ.

#ವೆರಾಚಾಸ್ಲಾವ್ಸ್ಕಾ #ಜಿಮ್ನಾಸ್ಟಿಕ್ಸ್ #ಪ್ರಾಗ್‌ವಸಂತ #ಕ್ರೀಡಾಇತಿಹಾಸ #ಕನ್ನಡದಲ್ಲಿಇತಿಹಾಸ